ವಿಮಾನ ಹತ್ತುವ ಮೊದಲು

ಕಾಸರಗೋಡಿನ ಅಗಲ್ಪಾಡಿಯಂಥ ಗಡಿನಾಡಿನ ಊರುಗಳ ಮಕ್ಕಳು ಮಂಗಳೂರಿನಲ್ಲಿ ನರ್ಸಿಂಗ್ ಕಲಿತು ಗಲ್ಫ್, ಬ್ರಿಟನ್, ಜರ್ಮನಿಗಳತ್ತ ಮುಖ ಮಾಡುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ತಯಾರಿ ಕಾಗದಪತ್ರಗಳಿಂದಲೇ ಶುರುವಾಗಬೇಕು.

ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು, ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಮತ್ತೊಂದು ಸ್ಪೆಲ್ಲಿಂಗ್: ದಾಖಲೆ ಪರಿಶೀಲನೆಗೆ ಅಡ್ಡಿಯಾಗಲು ಇಷ್ಟು ಸಾಕು. ಕೆಲಸ ಹುಡುಕುವ ಮೊದಲೇ ಇವನ್ನು ಸರಿಪಡಿಸಿಕೊಳ್ಳಬೇಕು. ಭಾಷೆಗೂ ಸಮಯ ಬೇಕು. ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಹಂತದ ಜರ್ಮನ್ ಕಲಿತಿರಬೇಕು. ಬ್ರಿಟನ್ನಿಗೆ ಐಇಎಲ್‌ಟಿಎಸ್ ಅಥವಾ ಒಇಟಿ ಪರೀಕ್ಷೆ.

ಇನ್ನು ಹಣದ ಮಾತು. ವಿದೇಶಿ ಕೆಲಸಕ್ಕೆ ನೇಮಕ ಮಾಡಿಸುವ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಏಜೆಂಟರಿಗೆ ಪರವಾನಗಿ ಇದೆಯೇ ಎಂಬುದನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಯಾರು ಬೇಕಾದರೂ ನೋಡಬಹುದು. ಲಕ್ಷಗಟ್ಟಲೆ ಕೇಳುವವರಿಗೆ ಒಡವೆ ಅಡವಿಟ್ಟು ಕೊಡುವ ಮೊದಲು ಮನೆಯವರು ಇದನ್ನು ತಿಳಿದಿರಬೇಕು.

ಕೇರಳ ಸರಕಾರದ್ದೇ ಆದ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಸಂಸ್ಥೆಗಳು ವಿದೇಶಗಳಿಗೆ ನರ್ಸ್‌ಗಳನ್ನು ನೇಮಕ ಮಾಡಿಸುತ್ತವೆ. 2021ರಲ್ಲಿ ನೋರ್ಕಾ ಜರ್ಮನಿಯೊಂದಿಗೆ ನರ್ಸ್‌ಗಳ ನೇಮಕಾತಿಗಾಗಿ ‘ಟ್ರಿಪಲ್ ವಿನ್’ ಒಪ್ಪಂದವನ್ನೂ ಮಾಡಿಕೊಂಡಿತು. ಈ ಮಾಹಿತಿಯೆಲ್ಲ ಕಾಸರಗೋಡಿನ ಕನ್ನಡ ಮನೆಗಳಿಗೆ ಕನ್ನಡದಲ್ಲೇ ತಲುಪಲಿ. ಪಂಚಾಯತುಗಳು, ಶಾಲೆಗಳು, ಗ್ರಂಥಾಲಯಗಳು ಅದಕ್ಕೆ ಮುಂದಾಗಲಿ.