ಮೈಸೂರಿನ ಬಾನುಲಿಗೆ ಬೆಂಗಳೂರಿನ ದನಿ?

ದಿವಾಳಿ ಪ್ರಕ್ರಿಯೆಗೆ ಸಿಲುಕಿದ್ದ ರಿಲಯನ್ಸ್ ಬ್ರಾಡ್‌ಕಾಸ್ಟ್ ನೆಟ್‌ವರ್ಕ್ ಅನ್ನು ಸಫೈರ್ ಮೀಡಿಯಾ ಕೊಳ್ಳಲು ಕಂಪನಿ ಕಾನೂನು ನ್ಯಾಯಮಂಡಳಿ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಅದರೊಂದಿಗೆ ಬಿಗ್ ಎಫ್‌ಎಂನ 58 ಕೇಂದ್ರಗಳೂ ಕೈ ಬದಲಾದವು. ಬೆಂಗಳೂರು, ಮೈಸೂರು, ಮಂಗಳೂರಿನ ಕೇಂದ್ರಗಳು ಅವುಗಳಲ್ಲಿ ಸೇರಿವೆ. ಹೊರಗಿನ ಒಡೆಯ ಬಂದನೆಂದರೆ ಕನ್ನಡ ಹಾಡು ಹೋಗಿ ಹಿಂದಿ ಹಾಡು ಬರುತ್ತದೆ ಎಂಬ ಅನುಮಾನ ಇಂಥ ಹೊತ್ತಿನಲ್ಲಿ ಸಹಜ. ಆದರೆ ಈ ಅನುಮಾನಕ್ಕೆ ಇತಿಹಾಸ ಅಷ್ಟಾಗಿ ಸಾಕ್ಷಿ ಹೇಳುವುದಿಲ್ಲ. ರೇಡಿಯೋ ಸಿಟಿಯನ್ನೇ ನೋಡಿ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ಬೆಂಗಳೂರಿನಲ್ಲಿ ಶುರುವಾದಾಗ ಅಲ್ಲಿ ಹಿಂದಿ, ಇಂಗ್ಲಿಷಿನದೇ ಭರಾಟೆ. ಮುಂದೆ ಅದು ಕನ್ನಡಕ್ಕೆ ಹೊರಳಿತು. 2015ರಲ್ಲಿ ಹಿಂದಿ ಪತ್ರಿಕೆಯ ಜಾಗರಣ್ ಸಂಸ್ಥೆ ಅದನ್ನು ಕೊಂಡ ಮೇಲೂ ಕನ್ನಡ ಬಿಡಲಿಲ್ಲ. ಒಡೆಯನ ಮಾತೃಭಾಷೆ ಯಾವುದಾದರೇನು, ಜಾಹೀರಾತು ಕೊಡುವವನು ಕೇಳುಗರನ್ನು ಎಣಿಸುತ್ತಾನೆ.

ನನ್ನ ಅಂದಾಜಿನಲ್ಲಿ ಕತ್ತರಿ ಬೀಳುವುದು ಬೇರೆ ಕಡೆ. ದಿವಾಳಿಯಾದ ಸಂಸ್ಥೆಯನ್ನು ಕೊಂಡವರು ಮೊದಲು ಖರ್ಚಿನ ಪಟ್ಟಿ ಹಿಡಿಯುತ್ತಾರೆ. ಪರವಾನಗಿ ಶುಲ್ಕ, ಪ್ರಸಾರ ಗೋಪುರದ ಬಾಡಿಗೆ, ಹಾಡುಗಳ ಹಕ್ಕಿನ ಹಣ ಇವನ್ನು ಸುಲಭವಾಗಿ ಇಳಿಸಲಾಗದು; ಇಳಿಸಬಹುದಾದದ್ದು ಸಂಬಳ. ಅದಕ್ಕೆ ದಾರಿಯನ್ನು ಸರ್ಕಾರವೇ ತೆರೆದಿಟ್ಟಿದೆ. ಮೊದಲು ಒಂದೇ ಕಾರ್ಯಕ್ರಮವನ್ನು ಹಲವು ಕೇಂದ್ರಗಳಿಗೆ ಹಂಚುವ ಅವಕಾಶ ಒಂದು ವಲಯದ ಸಣ್ಣ ನಗರಗಳಿಗಷ್ಟೇ ಇತ್ತು. 2011ರ ಮೂರನೇ ಹಂತದ ನೀತಿ ಅದನ್ನು ದೇಶದುದ್ದಕ್ಕೂ ಸಂಸ್ಥೆಯ ಸ್ವಂತ ಜಾಲಕ್ಕೆಲ್ಲ ವಿಸ್ತರಿಸಿತು. ನಟ ಅನ್ನು ಕಪೂರ್ ನಡೆಸಿಕೊಟ್ಟ ಹಳೆಯ ಹಿಂದಿ ಹಾಡುಗಳ ಕಾರ್ಯಕ್ರಮವನ್ನು ಊರೂರಿಗೆ ಹಂಚಿ ಗೆದ್ದ ಅನುಭವ ಬಿಗ್ ಎಫ್‌ಎಂಗೇ ಇದೆ. ಅದೇ ಲೆಕ್ಕದಲ್ಲಿ ಬೆಂಗಳೂರಿನ ಒಬ್ಬ ಆರ್‌ಜೆ ಮೈಸೂರಿಗೂ ಮಂಗಳೂರಿಗೂ ಮಾತಾಡಬಹುದು. ಭಾಷೆ ಕನ್ನಡವೇ ಆಗಿರುವುದರಿಂದ ಯಾರೂ ಬೀದಿಗಿಳಿಯುವುದಿಲ್ಲ. ಮನೆಮಾತು ತುಳುವಾಗಿರುವ ಮಂಗಳೂರಿನ ಕೇಳುಗರಿಗೆ ಮಾತ್ರ ಅದು ಬೇರೆ ಊರಿನ ಹರಟೆ.

ಇದು ವ್ಯಾಪಾರ, ನಷ್ಟದ ಕೇಂದ್ರ ಮುಚ್ಚುವುದಕ್ಕಿಂತ ಹಂಚಿಕೊಂಡ ಕಾರ್ಯಕ್ರಮವೇ ವಾಸಿಯಲ್ಲವೇ ಎಂದು ಕೇಳಬಹುದು. ರಾತ್ರಿಯ ಹೊತ್ತಿಗೆ, ಭಾನುವಾರದ ಹಳೆಯ ಹಾಡುಗಳಿಗೆ ಆ ಮಾತು ಒಪ್ಪತಕ್ಕದ್ದೇ. ಬೆಳಗಿಗೆ ಒಪ್ಪುವುದಿಲ್ಲ. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಮಾಡುವ ಅನುಮತಿ ಇಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಬಿತ್ತರಿಸಬಹುದು ಅಷ್ಟೆ. ಆದರೆ ಸಂಚಾರ, ಹವಾಮಾನ, ನೀರು-ವಿದ್ಯುತ್ ಪೂರೈಕೆ, ಪರೀಕ್ಷೆ ಫಲಿತಾಂಶ, ಪ್ರಕೃತಿ ವಿಕೋಪದ ಎಚ್ಚರಿಕೆ ಇವನ್ನು ನಿಯಮವೇ ಸುದ್ದಿಯ ಲೆಕ್ಕದಿಂದ ಹೊರಗಿಟ್ಟಿದೆ. ಇವೆಲ್ಲ ಆಯಾ ಊರಿನವು, ಇನ್ನೊಂದು ಊರಿನ ಸ್ಟುಡಿಯೋದಿಂದ ಹೇಳಿದರೆ ಅರ್ಧ ಉಪಯೋಗವೂ ಇಲ್ಲ. ಹಾಡು ಈಗ ಮೊಬೈಲಿನಲ್ಲೇ ಸಿಗುತ್ತದಲ್ಲ, ರೇಡಿಯೋಗೆ ಯಾಕಿಷ್ಟು ತಲೆಬಿಸಿ ಎನ್ನುವವರಿಗೂ ಇದೇ ಉತ್ತರ. ಹಾಡು ಎಲ್ಲೆಡೆ ಸಿಗುವಾಗ ರೇಡಿಯೋ ಬಳಿ ಉಳಿದಿರುವ ಸರಕು ಊರಿನ ಮಾತೊಂದೇ. ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯವರು ಜಾಹೀರಾತು ಕೊಡುವುದೂ ಅದನ್ನು ನಂಬಿ.

ತರಂಗಾಂತರ ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಾಗಿರುವಾಗ, ದಿನಕ್ಕೆ ಎಷ್ಟು ಗಂಟೆಯ ಕಾರ್ಯಕ್ರಮ ಆಯಾ ಊರಿನಲ್ಲೇ ತಯಾರಾಗುತ್ತದೆ ಎಂಬುದನ್ನು ಕೇಂದ್ರವಾರು ಪ್ರಕಟಿಸಿ ಎಂದು ಹೊಸ ಒಡೆಯರನ್ನು ಕೇಳುವುದು ಅತಿಯಾಸೆಯಲ್ಲ. ಕೇಳಬೇಕಾದವರಲ್ಲಿ ಮೈಸೂರು, ಮಂಗಳೂರಿನವರು ಮುಂದಿರಲಿ; ಬೆಂಗಳೂರಿನ ಸ್ಟುಡಿಯೋಗೆ ಸದ್ಯ ಅಂಥ ಅಪಾಯ ಕಾಣುತ್ತಿಲ್ಲ.