ಶಾಪ್ಲಿಯ ಲೆಕ್ಕ, ನಮ್ಮೂರ ಹುಡುಗರ ಸೀಟು

ಸಿಇಟಿ ರಿಸಲ್ಟ್ ಬಂತೂಂದ್ರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗರಿಂದ ನನಗೆ ಫೋನ್ ಶುರು: "ಅಣ್ಣಾ, ಆಪ್ಷನ್ ಎಂಟ್ರಿಯೊಳಗ ಯಾವ ಕಾಲೇಜ್ ಮೊದಲ ಹಾಕ್ಲಿ?" ಅಷ್ಟರಲ್ಲಿ ಅವರಿಗೆ ಯಾರೋ ಹೇಳಿರ್ತಾರೆ: "ನಿನ್ನ ರ‍್ಯಾಂಕಿಗಿ ಅದು ಸಿಗಂಗಿಲ್ಲ, ಸಿಗೂದೇ ಮೊದಲ ಹಾಕು." ಈ ಸಲಹೆ ತಪ್ಪು. ಯಾಕೆ ಅಂತ ಹೇಳೋಕೆ ಲಾಯ್ಡ್ ಶಾಪ್ಲಿ ಅನ್ನೋ ಗಣಿತಜ್ಞನ ಕತೆ ಹೇಳಬೇಕು.

ಶಾಪ್ಲಿ ಹುಟ್ಟಿದ್ದು 1923ರಲ್ಲಿ, ಅಮೆರಿಕದಲ್ಲಿ. ಅಪ್ಪ ಹಾರ್ಲೋ ಶಾಪ್ಲಿ ಹೆಸರಾಂತ ಖಗೋಳ ವಿಜ್ಞಾನಿ. ಎರಡನೇ ಮಹಾಯುದ್ಧದ ಹೊತ್ತಿಗೆ ಮಗ ಚೀನಾದ ಚೆಂಗ್ಡುವಿನಲ್ಲಿ ಸೈನಿಕ. ಸೋವಿಯತ್ ಹವಾಮಾನ ವರದಿಯ ಗುಪ್ತ ಸಂಕೇತ ಬಿಡಿಸಿ ಪದಕ ಪಡೆದ. 1953ರಲ್ಲಿ ಪ್ರಿನ್ಸ್‌ಟನ್ನಿನಿಂದ ಪಿಎಚ್‌ಡಿ, ಆಮೇಲೆ ರ‍್ಯಾಂಡ್ ಸಂಸ್ಥೆ, 1981ರಿಂದ ಲಾಸ್ ಏಂಜಲೀಸ್‌ನಲ್ಲಿ ಮೇಷ್ಟ್ರು. ಬದುಕಿಡೀ ಗೇಮ್ ಥಿಯರಿ. 2012ರಲ್ಲಿ ಆಲ್ವಿನ್ ರಾತ್ ಜತೆ ಅರ್ಥಶಾಸ್ತ್ರದ ನೊಬೆಲ್ ಬಂದಾಗ, ತಾನು ಅರ್ಥಶಾಸ್ತ್ರದ ಒಂದು ಕೋರ್ಸನ್ನೂ ಓದಿಲ್ಲ ಅಂದಿದ್ದ :) 2016ರಲ್ಲಿ ತೀರಿಕೊಂಡ.

1962ರಲ್ಲಿ ಡೇವಿಡ್ ಗೇಲ್ ಜತೆ ಆತ ಬರೆದ ಪುಟ್ಟ ಲೇಖನದ ವಿಷಯವೇ ಕಾಲೇಜು ಪ್ರವೇಶ. ಪ್ರತಿ ವಿದ್ಯಾರ್ಥಿಯೂ ಮೊದಲ ಆಸೆಯ ಕಾಲೇಜನ್ನು ಕೇಳ್ತಾನೆ. ಕಾಲೇಜು ಒಳ್ಳೆಯವರನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಉಳಿದವರನ್ನು ಬಿಡುತ್ತೆ. ಬಿಟ್ಟವರು ಪಟ್ಟಿಯಲ್ಲಿ ಮುಂದಿನದನ್ನು ಕೇಳ್ತಾರೆ. ಯಾರೂ ಕೇಳೋದು ಉಳಿಯದಿದ್ದಾಗ ಮಾತ್ರ ಸೀಟು ಖಾಯಂ. ಹೀಗೆ ಮಾಡಿದರೆ ಮನಸ್ಸಿನಲ್ಲಿರೋ ಕ್ರಮವನ್ನೇ ಬರೆದ ವಿದ್ಯಾರ್ಥಿಗೆ ನಷ್ಟವಿಲ್ಲ ಅಂತ ಮುಂದೆ ಸಾಬೀತಾಯ್ತು. 2015ರಿಂದ ಐಐಟಿ, ಎನ್ಐಟಿ ಸೀಟುಗಳ ಜಂಟಿ ಹಂಚಿಕೆಗೆ ಇದೇ ತತ್ವ. ನಮ್ಮ ಸಿಇಟಿಯಲ್ಲೂ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ನೋಡ್ತಾ ಬರ್ತಾರೆ. ಮೇಲೆ ಬರೆದ ದೊಡ್ಡ ಕಾಲೇಜು ಸಿಗದಿದ್ರೆ ಕೆಳಗಿನದು ಅದರಿಂದ ಕೈತಪ್ಪಲ್ಲ. ಆದರೆ ಸಿಗಬಹುದಾಗಿದ್ದನ್ನು ಕೆಳಗೆ ಬರೆದ್ರೆ, ಅದು ಕೈಗೆ ಬರುವ ಮೊದಲೇ ಮೇಲಿನದು ಸಿಕ್ಕಿಬಿಡುತ್ತೆ!

2013ರಲ್ಲಿ 371(ಜೆ) ಜಾರಿಗೆ ಬಂದು ನಮ್ಮ ಭಾಗದ ಮಕ್ಕಳಿಗೆ ರಾಜ್ಯದ ಬೇರೆ ಕಡೆಯ ಕಾಲೇಜುಗಳಲ್ಲೂ ಮೀಸಲು ಸೀಟು ಸಿಕ್ಕಿತು. ಆ ಸೀಟಿನ ಹೆಸರನ್ನೇ ಹೆದರಿ ಕೆಳಗೆ ಬರೆದರೆ ಕಾನೂನು ಬಂದು ಏನು ಬಂತು? ಬೆಂಗಳೂರಿನ ಹುಡುಗನಿಗೆ ಹೇಳಿಕೊಡೋಕೆ ಹತ್ತು ಜನ ಇರ್ತಾರೆ. ಜೇವರ್ಗಿಯ ಹಳ್ಳಿ ಹುಡುಗಿಗೆ ನೆಟ್ ಸೆಂಟರಿನವನೇ ಗುರು. ಪಿಯುಸಿ ಮುಗಿಯೋ ಮುಂಚೆ ಪ್ರತಿ ಕಾಲೇಜಿನಲ್ಲೂ ಇದಕ್ಕೆಂದೇ ಒಂದು ಪೀರಿಯಡ್, ಕನ್ನಡದಲ್ಲಿ, ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಬ್ಲಾಗಿಗ ಗೆಳೆಯರೇ, ನೀವೂ ನಿಮ್ಮೂರಿನ ಮಕ್ಕಳಿಗೆ ಇಷ್ಟು ಹೇಳಿ: ಬೇಡವಾದ್ದನ್ನು ಬರೀಬೇಡಿ, ಬೇಕಾದ್ದನ್ನು ಬೇಕಾದ ಕ್ರಮದಲ್ಲೇ ಬರೆಯಿರಿ. ಏನಂತೀರಿ?