ಹಳೇ ವಿಮಾನದ ಎಂಜಿನ್ನಿಗೆ ಕಸುವು ಬರೋದು ಹ್ಯಾಂಗ?

ರಾಣೆಬೆನ್ನೂರಿನ ಅಕ್ಕಾವ್ರೊಬ್ಬರು ಈ ಸಲ ಬೇರೆ ನಮೂನಿ ಪ್ರಶ್ನೆ ಕಳಿಸ್ಯಾರ. ಅವರ ಮಗ ಬೆಂಗಳೂರಿನಲ್ಲಿ ವಿಮಾನ ನಿರ್ವಹಣೆಯ ಕೋರ್ಸ್ ಓದುತ್ತಿದ್ದಾನೆ. ಈಗ ತರಬೇತಿಗೆ ಹಳೆಯ ಪುಷ್ಪಕ್ ವಿಮಾನವೊಂದರ ಎಂಜಿನ್ ಮೇಲೆ ಕೆಲಸ ಮಾಡುತ್ತಿದ್ದಾನಂತೆ. “ಎಂಜಿನ್ ಇನ್ನೂ ಜೋರ್ ಮಾಡ್ತೀವಿ ಅಂತ ಫೋನಿನ್ಯಾಗ ಹೇಳ್ತಾನ. ಅಷ್ಟು ಹಳೇದನ್ನ ಜೋರ್ ಮಾಡಿದ್ರ ಒಡಿಯೂದಿಲ್ಲೇನ್ರಿ? ನನಗ ನಿದ್ದಿ ಬರವಲ್ದು” ಎಂದು ಬರೆದಿದ್ದಾರೆ.

ಅಕ್ಕಾರ, ಮೊದಲು ಆ ವಿಮಾನದ ಪರಿಚಯ ಮಾಡಿಕೊಳ್ರಿ. ಪುಷ್ಪಕ್ ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಇಬ್ಬರು ಕೂರುವ ಸಣ್ಣ ವಿಮಾನ. ಮೊದಲು ಹಾರಿದ್ದು 1958ರಲ್ಲಿ. ಸುಮಾರು 160 ತಯಾರಾದವು. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಹಾರಾಟ ಕಲಿತದ್ದು ಇದರಲ್ಲೇ. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ. ಮುಂದೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ನಾಲ್ಕು ಸಿಲಿಂಡರ್, ಎರಡು ಆ ಕಡೆ, ಎರಡು ಈ ಕಡೆ. ತಂಪು ಮಾಡೋದು ಬರೀ ಗಾಳಿ.

ಇನ್ನು ‘ಜೋರ್ ಮಾಡೋದು’ ಅಂದ್ರೇನು? 90 ಇದ್ದದ್ದನ್ನು 110 ಮಾಡೋದಲ್ಲ. ಕಳೆದುಹೋದದ್ದನ್ನು ಮರಳಿ ತರೋದು. ಕಸುವು ಎರಡು ರೀತಿ ಕಳೆಯುತ್ತದೆ. ಒಂದು, ಊರಿನ ಎತ್ತರಕ್ಕೆ. ಸಮುದ್ರ ಮಟ್ಟದಿಂದ ಪ್ರತಿ ಸಾವಿರ ಅಡಿ ಏರಿದಂತೆ ಗಾಳಿ ತೆಳುವಾಗಿ ಇಂಥ ಎಂಜಿನ್ ಹೆಚ್ಚುಕಡಿಮೆ ಶೇ. 3ರಷ್ಟು ಶಕ್ತಿ ಬಿಟ್ಟುಕೊಡುತ್ತದೆ. ಬೆಂಗಳೂರಿನ ಜಕ್ಕೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಅಂದ್ರ 90 ಅಲ್ಲಿ 81ರ ಆಸುಪಾಸಿಗೆ ಇಳೀತು. ಏಪ್ರಿಲ್ ಬಿಸಿಲಿಗೆ ಇನ್ನೂ ಕಡಿಮೆ. ಇದಕ್ಕೆ ಯಾವ ಮೆಕ್ಯಾನಿಕ್ಕೂ ಏನೂ ಮಾಡೋಕಾಗಲ್ಲ. ಬೆಳಗಿನ ತಂಪಿನಲ್ಲಿ, ಕಡಿಮೆ ಭಾರ ಹೊತ್ತು ಹಾರಬೇಕು, ಅಷ್ಟೇ. ಎರಡನೆಯದು ಸವೆತಕ್ಕೆ, ಕೊಳೆಗೆ ಕಳೆಯುವ ಕಸುವು. ನಿಮ್ಮ ಮಗನ ಕೆಲಸ ಇರೋದು ಇಲ್ಲಿ.

ಈ ಎಂಜಿನ್ನಿನ ಒಂದೊಂದು ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್, ಅವಕ್ಕೆ ಕಿಡಿ ಕೊಡಲು ಬೇರೆ ಬೇರೆ ಎರಡು ಮ್ಯಾಗ್ನೆಟೋ. ಒಂದು ಕೈಕೊಟ್ಟರೆ ಇನ್ನೊಂದು ನಡೆಸಲಿ ಅಂತ. ಹಾರುವ ಮೊದಲು ಪೈಲಟ್ ಒಂದನ್ನು ಬಂದ್ ಮಾಡಿ ನೋಡ್ತಾನೆ, ಆಮೇಲೆ ಇನ್ನೊಂದನ್ನು. ಎಂಜಿನ್ ಸುತ್ತು ಸ್ವಲ್ಪ ಇಳಿದರೆ ಸರಿ. ಕೈಪಿಡಿಯ ಮಿತಿ ದಾಟಿ ಇಳಿದರೆ ಅಥವಾ ಎಂಜಿನ್ ತಡವರಿಸಿದರೆ ಪ್ಲಗ್ ಕೊಳೆಯಾಗಿದೆ, ಇಲ್ಲವೇ ಮ್ಯಾಗ್ನೆಟೋದ ಹೊಂದಾಣಿಕೆ ತಪ್ಪಿದೆ. ಅದನ್ನು ಸರಿಮಾಡಿದರೇ ಎಷ್ಟೋ ಕಸುವು ತಿರುಗಿ ಬರ್ತದ.

ಮುಂದಿನದು ಕಂಪ್ರೆಷನ್ ಪರೀಕ್ಷೆ. ಬಿಸಿ ಎಂಜಿನ್ನಿನ ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ಬಿಟ್ಟು, ಎಷ್ಟು ಹಿಡಿದುಕೊಳ್ಳುತ್ತದೆ ಅಂತ ನೋಡ್ತಾರೆ. 72 ತೋರಿಸಿದರೆ ಆರೋಗ್ಯ ಚೆನ್ನಾಗಿದೆ. 60ಕ್ಕಿಂತ ಕೆಳಗಿಳಿದರೆ ಕಾರಣ ಹುಡುಕಬೇಕು. ಕಾರಣ ಕಿವಿಗೇ ಸಿಗುತ್ತದೆ: ಸೈಲೆನ್ಸರ್ ಕೊಳವೆಯಲ್ಲಿ ಸುಸ್ ಅಂದರೆ ಹೊಗೆ ಬಿಡುವ ವಾಲ್ವ್, ಕಾರ್ಬುರೇಟರಿನಲ್ಲಿ ಅಂದರೆ ಒಳಗೆಳೆಯುವ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಅಂದರೆ ಪಿಸ್ಟನ್ ರಿಂಗ್ ಸವೆದಿದೆ. ಹಾವೇರಿ ಸೀಮೆಯಲ್ಲಿ ಪಂಪ್‌ಸೆಟ್ ಎಂಜಿನ್ ಬಿಚ್ಚಿದ ಯಾರಿಗಾದರೂ ಇದು ತಿಳಿಯುವ ಭಾಷೆ.

ಹಳೇ ಎಂಜಿನ್ನಿಗೆ ಓಡಾಟಕ್ಕಿಂತ ಕೂತಿರೋದೇ ಹೆಚ್ಚು ಕೆಟ್ಟದ್ದು. ಬ್ಯಾಡಗಿಯ ಖಾರದಪುಡಿ ಗಿರಣಿಯವರನ್ನು ಕೇಳ್ರಿ, ಸುಗ್ಗಿ ಮುಗಿದು ತಿಂಗಳುಗಟ್ಟಲೆ ನಿಂತ ಎಂಜಿನ್ ಎಷ್ಟು ಕಾಡ್ತದ ಅಂತ. ಸಿಲಿಂಡರಿನ ಗೋಡೆಯ ಎಣ್ಣೆ ಪಸೆ ಇಳಿದುಹೋಗಿ ತುಕ್ಕು ಹಿಡೀತದ. ‘ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದ್ರ ಆತು’ ಅನ್ನೋದೂ ಸರಿಯಲ್ಲ. ಇಂಧನ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಆಯಿಲ್ ಚೆನ್ನಾಗಿ ಕಾಯುವ ಮೊದಲೇ ನಿಲ್ಲಿಸಿದರೆ ಆ ನೀರು ಒಳಗೇ ಉಳಿಯುತ್ತದೆ. ಹಾರಿಸಬೇಕು, ಇಲ್ಲವೇ ತುಕ್ಕು ತಡೆಯುವ ಎಣ್ಣೆ ಹಾಕಿ ಸರಿಯಾಗಿ ಮಲಗಿಸಬೇಕು. ಆಯಿಲ್ ಫಿಲ್ಟರ್ ಇಲ್ಲದ, ಬರೀ ಜಾಲರಿ ಇರುವ ಇಂಥ ಎಂಜಿನ್ನಿಗೆ ಸಾಮಾನ್ಯವಾಗಿ 25 ಗಂಟೆಗೊಮ್ಮೆ ಆಯಿಲ್ ಬದಲಿ. ಬಸಿದ ಆಯಿಲ್‌ನಲ್ಲಿ ಲೋಹದ ಚೂರು ಹೊಳೆದರೆ ಎಂಜಿನ್ ಒಳಗೆ ಏನೋ ಸವೆಯುತ್ತಿದೆ ಎಂದೇ ಅರ್ಥ.

ಇಂಧನದ್ದೂ ಒಂದು ತಂಟೆ. ಈ ಎಂಜಿನ್ ಹುಟ್ಟಿದ್ದು 80 ಆಕ್ಟೇನ್ ಪೆಟ್ರೋಲಿಗೆ. ಈಗ ಸಿಗೋದು ಎವ್‌ಗ್ಯಾಸ್ 100 ಎಲ್‌ಎಲ್. ಇಂಡಿಯನ್ ಆಯಿಲ್ 2022ರಲ್ಲಿ ಇದನ್ನು ನಮ್ಮ ದೇಶದಲ್ಲೇ ತಯಾರಿಸಲು ಶುರು ಮಾಡಿತು. ಇದರಲ್ಲಿ ಹಳೆಯದಕ್ಕಿಂತ ಸೀಸದ ಅಂಶ ನಾಲ್ಕು ಪಟ್ಟಿನವರೆಗೆ ಇರಬಹುದು. ಆ ಸೀಸ ಪ್ಲಗ್‌ನಲ್ಲಿ ಸಣ್ಣ ಗುಂಡುಗಳಾಗಿ ಕೂರುತ್ತದೆ, ವಾಲ್ವನ್ನೂ ಅಂಟಿಸುತ್ತದೆ. ಹಂಗಂತ ರಸ್ತೆ ಬಂಕಿನ ಪೆಟ್ರೋಲ್ ಹಾಕೋ ಹಾಗಿಲ್ಲ. ಅದರಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ರಬ್ಬರ್ ತಿನ್ನುತ್ತದೆ. ಮನೆಯಲ್ಲಿ ಹಳೇ ಜಾವಾ, ಲೂನಾ ಇಟ್ಟುಕೊಂಡವರೂ ಪೆಟ್ರೋಲ್ ಪೈಪು ಮೆತ್ತಗಾಗಿದೆಯೇ ಅಂತ ಆಗಾಗ ಮುಟ್ಟಿ ನೋಡ್ರಿ.

ಇನ್ನು ಮಾಡಬಾರದ್ದು. ಕಾರ್ಬುರೇಟರಿನ ಜೆಟ್ ದೊಡ್ಡದು ಮಾಡೋದು, ಬೇರೆ ಯಾವುದೋ ಬಿಡಿಭಾಗ ಜೋಡಿಸೋದು, ಇವೆಲ್ಲ ಬೈಕಿನ ಹುಡುಗರ ಚಾಳಿ. ಬೈಕ್ ನಿಂತರೆ ಬದಿಗೆ ತಳ್ಳಬಹುದು; ವಿಮಾನಕ್ಕೆ ಆ ಬದಿ ಇಲ್ಲ. ಮೇಲೇರುವ ಕಸುವು ಬೇಕಾದರೆ ಕಡಿಮೆ ಪಿಚ್‌ನ ಪ್ರೊಪೆಲರ್ ಹಾಕಬಹುದು. ಎಂಜಿನ್ ಹೆಚ್ಚು ಸುತ್ತು ತಿರುಗಿ ಬೇಗ ಮೇಲೇರುತ್ತದೆ, ನೇರ ಓಟದಲ್ಲಿ ವೇಗ ಸ್ವಲ್ಪ ತಗ್ಗುತ್ತದೆ. ಅದೂ ಆ ವಿಮಾನಕ್ಕೆ ಮಂಜೂರಾದ ಪ್ರೊಪೆಲರೇ ಆಗಿರಬೇಕು.

ಅಕ್ಕಾರ, ನಿಮ್ಮ ಅಂಜಿಕೆ ಸುಳ್ಳಲ್ಲ, ಆದರೆ ಅಂಜಬೇಕಾದ ಜಾಗ ಬೇರೆ. ಮ್ಯಾಗ್ನೆಟೋಗೆ ಬ್ಯಾಟರಿ ಬೇಕಿಲ್ಲ. ಸ್ವಿಚ್ ಬಂದ್ ಮಾಡಿದಾಗ ಒಂದು ತಂತಿ ಅದನ್ನು ಎಂಜಿನ್ನಿನ ಲೋಹಕ್ಕೆ ಜೋಡಿಸಿ ಸುಮ್ಮನಾಗಿಸುತ್ತದೆ. ಆ ತಂತಿ ಕಡಿದಿದ್ದರೆ ಸ್ವಿಚ್ ‘ಬಂದ್’ ಅಂತ ತೋರಿಸುತ್ತಿದ್ದರೂ ಮ್ಯಾಗ್ನೆಟೋ ಜೀವಂತ. ಆಗ ಪ್ರೊಪೆಲರ್ ಕೈಯಿಂದ ಸ್ವಲ್ಪ ತಿರುವಿದರೂ ಎಂಜಿನ್ ಹೊತ್ತಿಕೊಳ್ಳಬಹುದು. ಅದಕ್ಕೇ ಬಲ್ಲವರು ನಿಂತ ಪ್ರೊಪೆಲರನ್ನೂ ತಿರುಗುತ್ತಿರುವ ಪ್ರೊಪೆಲರಿನಂತೆಯೇ ನೋಡುತ್ತಾರೆ.

ಮುಂದಿನ ಸಲ ಫೋನ್ ಮಾಡಿದಾಗ ‘ಹುಷಾರಪ್ಪಾ’ ಅಂದು ಬಿಡಬ್ಯಾಡ್ರಿ. ಮೂರು ಮಾತು ಕೇಳ್ರಿ. ಪ್ರೊಪೆಲರ್ ಹತ್ತಿರ ಹೋಗೋ ಮೊದಲು ಏನೇನು ನೋಡ್ತೀಯಪ್ಪಾ? ಮಾಡಿದ ಕೆಲಸ ಲಾಗ್‌ಬುಕ್‌ನಲ್ಲಿ ಬರೆದು, ಲೈಸೆನ್ಸ್ ಇರುವ ಎಂಜಿನಿಯರ್ ನೋಡಿ ಸಹಿ ಹಾಕಿದರಾ? ಕೆಲಸ ಮುಗಿದ ಮೇಲೆ ಪಾನಾ, ಸ್ಕ್ರೂಡ್ರೈವರ್ ಎಣಿಸಿ ಇಟ್ಟೆಯಾ? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಹುಡುಗ ಕೆಲಸ ಸರಿಯಾಗಿ ಕಲೀಲಿಕ್ಕತ್ತಾನ ಅಂತ ತಿಳಕೊಳ್ರಿ.